ಹೊಳೆವ್ವನ ಹೆಸರಿದ್ದ ಕಡೆಯ ನುಡಿ

ಅಮರಪ್ಪನ ಬಳಿ ಒಂದು ಕಾಲಕ್ಕೆ ಅರವತ್ತೊಂದು ಕ್ಯಾಸೆಟ್ಟುಗಳಿದ್ದವು. ಅಂಗಡಿಯಿಂದ ತಂದವು ನಾಲ್ಕೋ ಐದೋ ಇರಬೇಕು, ಉಳಿದವನ್ನೆಲ್ಲ ಅವನೇ ರೆಕಾರ್ಡು ಮಾಡಿದ್ದ. ಕುಷ್ಟಗಿ ತಾಲ್ಲೂಕಿನ ಅವನ ಊರಿನ ಭಜನಾ ಮೇಳದಲ್ಲಿ ಸೋದರಮಾವ ಸೋಮಪ್ಪ ಹಾರ್ಮೋನಿಯಂ ನುಡಿಸುತ್ತ ಹಾಡುತ್ತಿದ್ದ. ಆಗಷ್ಟೇ ಮೀಸೆ ಮೂಡಿದ್ದ ಅಮರಪ್ಪನಿಗೆ ಹಾಡಲು ದನಿ ಇರಲಿಲ್ಲ, ತಾಳಕ್ಕೆ ಕೈ ಕೂಡುತ್ತಿರಲಿಲ್ಲ. ಮೇಳ ಬಿಟ್ಟು ಹೋಗಲು ಮನಸ್ಸೂ ಇರಲಿಲ್ಲ. ಮಾವ ಒಂದು ದಿನ ಅವನ ತೊಡೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟು, ‘ಇದನ್ನ ನೋಡ್ಕೋ’ ಎಂದ. ಪದ ಎತ್ತುವಾಗ ಕೆಂಪು ಗುಂಡಿ ಒತ್ತುವುದು, ಒಂದು ಮಗ್ಗುಲು ಮುಗಿದರೆ ಕ್ಯಾಸೆಟ್ಟು ತಿರುವಿ ಹಾಕುವುದು, ಕೆಮ್ಮು ಬಂದರೆ ಹೊರಗೆ ಓಡುವುದು, ಇಷ್ಟೇ ಕೆಲಸ. ಐದು ವರ್ಷ ಅದನ್ನು ಮಾಡಿದ.

ಬೆಂಗಳೂರಿಗೆ ಬಂದಾಗ ಕ್ಯಾಸೆಟ್ಟುಗಳು ತಗಡಿನ ಟ್ರಂಕಿನಲ್ಲಿ ಬಂದವು. ಪೀಣ್ಯ ಎರಡನೇ ಹಂತದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಬುಷ್, ಅಂದರೆ ಯಂತ್ರದ ಅಚ್ಚಿಗೆ ಹಾಕುವ ಲೋಹದ ಬಳೆ, ತಿರುವುವ ಕೆಲಸ ಸಿಕ್ಕಿತು. ಇಪ್ಪತ್ತೈದು ವರ್ಷದಲ್ಲಿ ಬಾಡಿಗೆ ಮನೆ ಆರು ಸಲ ಬದಲಾಯಿತು, ಟ್ರಂಕು ಬದಲಾಗಲಿಲ್ಲ. ಈಗ ಇರುವುದು ಮಾದನಾಯಕನಹಳ್ಳಿಯಲ್ಲಿ, ಗೋದಾಮುಗಳ ಸಾಲಿನ ಹಿಂದೆ, ಒಂದು ಕೋಣೆ ಒಂದು ಅಡುಗೆಮನೆಯ ವಾಸ. ಹೆಂಡತಿ ಮಲಕವ್ವ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಟ್ರಂಕು ಮಂಚ ಮತ್ತು ಗೋಡೆಯ ನಡುವೆ ಕೂತಿತ್ತು. ಮನೆಯಲ್ಲಿ ಹೊಲಿಗೆ ಯಂತ್ರ ಇಡಲು ಇದ್ದ ಜಾಗವೂ ಅದೊಂದೇ.

‘ಗಾರ್ಮೆಂಟ್ಸಿನಾಗ ಇನ್ನೆಷ್ಟು ವರ್ಷ ನಿಂತು ದುಡೀಲಿ? ಮನ್ಯಾಗ ಕುಂತು ಬ್ಲೌಸ್ ಹೊಲಿತೀನಿ’ ಎಂದು ಮಲಕವ್ವ ಎರಡು ವರ್ಷದಿಂದ ಹೇಳುತ್ತಿದ್ದಳು. ಟ್ರಂಕಿನ ಹೆಸರನ್ನು ಅವಳು ಎತ್ತುತ್ತಿರಲಿಲ್ಲ. ಹೇಳುವಾಗ ಅದರ ಕಡೆ ನೋಡುತ್ತಿದ್ದಳು, ಅಷ್ಟೆ.

ಕಳೆದ ಮಹಾನವಮಿಯ ಮುಂಚಿನ ಭಾನುವಾರ ಮನೆ ಸ್ವಚ್ಛ ಮಾಡುವಾಗ ಆ ಮಾತು ತೀರ್ಮಾನಕ್ಕೆ ಬಂತು. ತೀರ್ಮಾನಕ್ಕೆ ತಂದವನು ಮುತ್ತು. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಮುತ್ತು ಅಮರಪ್ಪನ ಸೀಮೆಯವನೇ. ಮಾದನಾಯಕನಹಳ್ಳಿಯಲ್ಲಿ ಕೆಲಸಕ್ಕಿರುವ ಎಂಟು ಜನ ಸೇರಿ ಕಟ್ಟಿಕೊಂಡ ಸೋಮವಾರದ ಭಜನಾ ಮೇಳಕ್ಕೆ ಈಗ ಅವನೇ ಮುಖ್ಯ ಹಾಡುಗಾರ. ಒಳ್ಳೆಯ ದನಿ, ಒಳ್ಳೆಯ ನೆನಪು. ಪದಗಳನ್ನೆಲ್ಲ ಅವನು ಕಲಿತದ್ದು ಫೋನಿನ ಆಪ್‌ನಿಂದ.

‘ಮಾಮಾ, ಯಾವ ಕಾಲದಾಗ ಅದೀರಿ? ಎಲ್ಲಾ ಆಪ್‌ನಾಗ ಐತಿ. ನಿಮ್ಮ ಮಾವನ ದನಿನೂ ಐತಿ.’

‘ನಮ್ಮ ಮಾವಂದು ಅದರಾಗ ಯಾರು ಹಾಕ್ಯಾರ?’

‘ಯಾರೋ ಹಾಕ್ಯಾರ. ಕೇಳ್ರಿ.’

ಫೋನಿನಿಂದ ಸೋಮಪ್ಪನ ದನಿ ಬಂತು. ಪದಕ್ಕೆ ಮುಂಚೆ ಅವನು ಹೇಳುತ್ತಿದ್ದ ‘ಹಲೋ, ಹಲೋ’ ಬಂತು. ಹಿಂದೆ ಒಂದು ಎಮ್ಮೆ ಕೂಗಿತು. ಆ ಎಮ್ಮೆ ಯಾರ ಮನೆಯದೆಂದೂ ಅಮರಪ್ಪನಿಗೆ ಗೊತ್ತಿತ್ತು. ಇದು ತನ್ನದೇ ರೆಕಾರ್ಡು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಮಾವ ಬದುಕಿದ್ದಾಗ ಜಿಲ್ಲೆಯ ಒಂದು ಕ್ಯಾಸೆಟ್ ಕಂಪನಿಯವರು ಬಂದು ಕಾಪಿ ಮಾಡಿಕೊಂಡು ಹೋಗಿದ್ದರು. ಆ ಕಂಪನಿ ಮುಚ್ಚುವ ಮೊದಲು ಇದ್ದದ್ದನ್ನೆಲ್ಲ ಆಪ್‌ಗೆ ಏರಿಸಿರಬೇಕು.

ಅಮರಪ್ಪ ಲೇತ್ ಕೆಲಸದವನು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಬುಷ್ ವಾಪಸ್ ಬರುತ್ತದೆ. ಅವನು ಕುರುಡು ನಂಬಿಕೆಯಲ್ಲಿ ಏನನ್ನೂ ಬಿಸಾಡುವವನಲ್ಲ. ಕ್ಯಾಸೆಟ್ಟುಗಳಲ್ಲಿ ಇರುವ ಪದಗಳನ್ನೆಲ್ಲ ಬರೆದಿಟ್ಟ ನೋಟುಪುಸ್ತಕ ತೆಗೆದ. ಅವರ ಸೀಮೆಯಲ್ಲಿ ಪದವನ್ನು ಗುರುತಿಸುವುದು ಪಲ್ಲವಿಯ ಮೊದಲ ಸಾಲಿನಿಂದ. ಪುಸ್ತಕದಲ್ಲಿ ಇದ್ದದ್ದೂ ಮೊದಲ ಸಾಲುಗಳೇ. ಅವನು ಒಂದೊಂದೇ ಸಾಲು ಓದಿದ, ಮುತ್ತು ಹುಡುಕಿದ. ಸಿಕ್ಕಿದ್ದನ್ನು ಹಚ್ಚಿ, ಪಲ್ಲವಿ ಮುಗಿಯುವ ತನಕ ಕೇಳಿ, ಹೌದೆಂದರೆ ಅಮರಪ್ಪ ಪೆನ್ಸಿಲಿನಿಂದ ಗುರುತು ಹಾಕಿದ. ಬೆಳಗಿನ ನಾಷ್ಟಾ ಆದಮೇಲೆ ಕೂತವರು ಎದ್ದದ್ದು ಸಂಜೆಗೆ. ಎಲ್ಲ ಪದಗಳಿಗೂ ಗುರುತು ಬಿದ್ದ ಕ್ಯಾಸೆಟ್ಟುಗಳು ನಲವತ್ತಮೂರು. ಆಪ್‌ನಲ್ಲಿ ಇಲ್ಲದ ಪದ ಒಂದಾದರೂ ಇದ್ದವು ಹದಿನೆಂಟು. ಹದಿನೆಂಟನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟ. ನಲವತ್ತಮೂರು ಕ್ಯಾಸೆಟ್ಟು, ಟ್ರಂಕು ಸಮೇತ, ಮರುದಿನ ಗುಜರಿಗೆ ಹೋದವು. ಆ ವಾರವೇ ಹೊಲಿಗೆ ಯಂತ್ರ ಬಂತು.

ಕಾರ್ತಿಕದ ಮೊದಲ ಸೋಮವಾರ ಮೇಳದವರ ಮನೆಯ ಹೆಂಗಸರೂ ಭಜನೆಗೆ ಬಂದರು. ಊರಿನಲ್ಲಿ ಗಂಡಸರ ಭಜನೆಯನ್ನು ಹೆಂಗಸರು ಗುಡಿಯ ಹೊರಗೆ ನಿಂತು ಕೇಳುತ್ತಿದ್ದರು. ಇಲ್ಲಿ ಭಜನೆ ನಡೆಯುವುದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ. ನಿಲ್ಲಲು ಹೊರಗೆ ಜಾಗವಿಲ್ಲ, ಒಳಗೇ ಚಾಪೆ ಹಾಸಿದರು. ಮಲಕವ್ವ ಮೊದಲ ಸಾಲಿನಲ್ಲಿ ಕೂತಳು. ಮುತ್ತು ಎತ್ತಿಕೊಂಡ ಮೂರನೆಯ ಪದ ‘ಕೀಲೆಣ್ಣಿ ಇಲ್ಲದ ಬಂಡಿ ಕೂಗ್ಯಾಡತೈತಿ’.

ಈ ಪದ ಕಟ್ಟಿದವಳು ಹೊಳೆವ್ವ ಎಂಬ ಹೆಂಗಸು. ಊರಾಚೆಯ ಮಡ್ಡಿಯ ಕಲ್ಲುನೆಲದ ಮೇಲೆ ಕುರಿ ಕಾಯುತ್ತ, ಉಣ್ಣೆ ನೂಲುತ್ತ ಇದ್ದವಳು. ಓದು ಬರಹ ಇರಲಿಲ್ಲ. ಅವಳು ಕಟ್ಟಿದ ಪದಗಳಲ್ಲಿ ಮೇಳದವರ ಬಾಯಿಗೆ ಬಂದದ್ದು ಇದೊಂದೇ. ಮಲಕವ್ವ ಅವಳ ಮಗಳ ಮಗಳು.

ಭಜನೆಯ ಪದಗಳಲ್ಲಿ ಕಡೆಯ ನುಡಿಗೆ, ಅಂದರೆ ಕಡೆಯ ಚರಣಕ್ಕೆ, ಒಂದು ರೂಢಿಯಿದೆ. ಪದ ಕಟ್ಟಿದವರ ಹೆಸರು ಬರುವುದು ಆ ನುಡಿಯಲ್ಲಿ. ಹೆಸರು ಬಂದ ಕೂಡಲೇ ತಾಳದವರು ತಾಳ ಎತ್ತಿ ಹಿಡಿಯುತ್ತಾರೆ, ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ಕೈ ಮುಗಿಯುತ್ತಾರೆ, ಆಮೇಲೆ ಪದ ಮುಗಿಯುತ್ತದೆ. ಆ ದಿನ ಮುತ್ತು ಎಣ್ಣೆಯಿಲ್ಲದ ಕೀಲಿನ ನುಡಿ ಹಾಡಿದ, ಹೊಂದದ ಎತ್ತುಗಳ ನುಡಿ ಹಾಡಿದ, ಹೆಚ್ಚಾದ ಹೇರಿನ ನುಡಿ ಹಾಡಿದ, ಪಲ್ಲವಿಗೆ ಬಂದು ನಿಲ್ಲಿಸಿದ. ಮಲಕವ್ವ ಕೈ ಜೋಡಿಸಲು ಕಾದಿದ್ದಳು. ಅಷ್ಟರಲ್ಲಿ ಬೇರೆ ಪದ ಶುರುವಾಗಿತ್ತು.

ಮನೆಗೆ ನಡೆಯುವಾಗ ಕೇಳಿದಳು, ‘ನಮ್ಮವ್ವನವ್ವನ ಹೆಸರು ಎಲ್ಲಿ ಹೋತ್ರಿ?’

‘ಎಲ್ಲಿ ಹೋತು ಅಂದ್ರ?’

‘ಪದದಾಗ ಆಕಿ ಹೆಸರು ಬರ್ತಿತ್ತಲ್ಲ. ಗುಡಿ ಹೊರಗ ನಿಂತು ಕೇಳಿಲ್ಲೇನು ನಾನು? ಹೆಸರು ಬಂದ ಕೂಡ್ಲೆ ನಮ್ಮವ್ವ ನನ್ನ ತಲಿ ಮ್ಯಾಲ ಕೈ ಇಡ್ತಿದ್ಲು.’

‘ಮುತ್ತು ಮರೆತಿರಬೇಕು.’

ಮುತ್ತು ಮರೆತಿರಲಿಲ್ಲ. ಮನೆಗೆ ಬಂದು ಫೋನಿನಲ್ಲಿ ಹಚ್ಚಿದಾಗ ಸೋಮಪ್ಪನೇ ಮೂರು ನುಡಿಗೆ ನಿಂತ. ಹಾರ್ಮೋನಿಯಂ ದನಿ ಸಣ್ಣಗಾಗುತ್ತ ಹೋಗಿ ಇಲ್ಲವಾಯಿತು. ಅಮರಪ್ಪ ಮತ್ತೊಮ್ಮೆ ಹಚ್ಚಿದ. ಮೂರನೆಯ ಸಲ ಹಚ್ಚುವಷ್ಟರಲ್ಲಿ ಅವನಿಗೆ ವಿಷಯ ತಿಳಿದಿತ್ತು. ಆ ಪದ ಕ್ಯಾಸೆಟ್ಟಿನ ಮೊದಲ ಮಗ್ಗುಲಿನ ಕೊನೆಗೆ ಬರುತ್ತಿತ್ತು. ಮೂರನೆಯ ನುಡಿಗೆ ಟೇಪು ಮುಗಿದಿತ್ತು. ಮಾವ ಹಾರ್ಮೋನಿಯಂ ಎಳೆಯುತ್ತಿರುವಾಗಲೇ ಅವನು ಕ್ಯಾಸೆಟ್ಟು ತಿರುವಿ ಹಾಕಿದ್ದ. ನಾಲ್ಕನೆಯ ನುಡಿ ಇದ್ದದ್ದು ಎರಡನೆಯ ಮಗ್ಗುಲಿನ ಆರಂಭದಲ್ಲಿ. ಕಂಪನಿಯವರು ಮಗ್ಗುಲು ಮಗ್ಗುಲಾಗಿ ಪದ ಕತ್ತರಿಸಿದ್ದರು. ಎರಡನೆಯ ಮಗ್ಗುಲಿನ ತಲೆಯಲ್ಲಿದ್ದ, ಪಲ್ಲವಿಯಿಲ್ಲದ ಒಂದು ತುಂಡು ಅವರಿಗೆ ಯಾವ ಲೆಕ್ಕಕ್ಕೂ ಬಂದಿರಲಿಲ್ಲ. ಆಪ್‌ನಲ್ಲಿ ಪದದ ಕೆಳಗೆ ಕಂಪನಿಯ ಹೆಸರಿತ್ತು, ಪಕ್ಕದಲ್ಲಿ ‘ಜಾನಪದ’ ಎಂದಿತ್ತು.

ಅಮರಪ್ಪ ಮೊದಲ ಸಾಲು ಕೇಳಿ ಗುರುತು ಹಾಕಿದ್ದ. ಕಡೆಯ ಸಾಲು ಕೇಳಿರಲಿಲ್ಲ.

ಊರಿಗೆ ಫೋನು ಮಾಡಿದ. ಮಾವ ತೀರಿಕೊಂಡು ಎಂಟು ವರ್ಷ. ಹಳೆಯ ಮೇಳದವರಲ್ಲಿ ಉಳಿದಿದ್ದ ಒಬ್ಬರಿಗೆ ಕಿವಿ ಕೇಳದು, ನಾಲಿಗೆಯೂ ತಿರುಗದು. ಈಗಿನ ಮೇಳದ ಹಾಡುಗಾರ ಸಂತೋಷದಿಂದಲೇ ಫೋನಿನಲ್ಲಿ ಪದ ಹಾಡಿ ತೋರಿಸಿದ. ಮೂರು ನುಡಿ.

‘ನಾಕನೇದು ಇತ್ತಲ್ಲೋ ತಮ್ಮಾ.’

‘ಇಲ್ಲ ಬಿಡು ಅಮರಣ್ಣ. ಆಪ್‌ನಾಗ ಮೂರೇ ಅದಾವು ನೋಡು’ ಎಂದ ಅವನು.

ಮಲಕವ್ವ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಚಕ್ರ ತಿರುಗುತ್ತಿರಲಿಲ್ಲ. ‘ಜಾಗಾ ಕೇಳಿದಾಕಿ ನಾನು’ ಎಂದಳು.

‘ಗುರುತು ಹಾಕಿದಾವ ನಾನು’ ಎಂದ ಅಮರಪ್ಪ.

ಮರುದಿನ ಪಾಳಿ ಮುಗಿಸಿದ ಅಮರಪ್ಪ ಮನೆಗೆ ಬರದೆ ಸರ್ವಿಸ್ ರಸ್ತೆಯ ಗುಜರಿ ಅಂಗಡಿಗೆ ಹೋದ.

ಗುಜರಿ ರಾಮಕ್ಕನದು. ಗೋದಾಮುಗಳು ಬರುವ ಮೊದಲಿನಿಂದಲೂ ಆ ಊರಿನಲ್ಲಿರುವ ಹೆಂಗಸು. ರಟ್ಟು ಒಂದು ಕಡೆ, ಕಬ್ಬಿಣ ಒಂದು ಕಡೆ, ಪ್ಲಾಸ್ಟಿಕ್ಕಿನಲ್ಲೇ ಏಳು ಬಗೆಯ ಗುಡ್ಡೆ. ಅಮರಪ್ಪ ಕ್ಯಾಸೆಟ್ಟಿನ ಮಾತೆತ್ತಿದಾಗ ಅವಳು ತಕ್ಕಡಿಯಿಂದ ತಲೆ ಎತ್ತಲಿಲ್ಲ.

‘ಏನಣ್ಣ, ಗುಜರಿಗೆ ಆಕಿದ್ ಮೇಲೆ ವಾಪಸ್ ಕೇಳಾಕೆ ಬತ್ತಾರಾ? ಅಂಗಾದ್ರೆ ನಾನ್ ಅಂಗಡಿ ಮಾಡ್ದಂಗೇ.’

‘ಒಂದೇ ಒಂದು ಬೇಕಾಗಿತ್ತಕ್ಕ.’

‘ಡಬ್ಬಿಯೆಲ್ಲ ಒಡ್ದು ಅವತ್ತೇ ಲಾರಿಗ್ ಆಕ್ಬುಟ್ಟೆ.’

‘ಒಳಗಿನ ಟೇಪು?’

‘ಅದು ಮಿಸನ್ನಿಗೆ ಸುತ್ಕೊಂತದೆ ಅಂತ ಪ್ಲಾಸ್ಟಿಕ್ನೋರು ಬ್ಯಾಡ ಅಂತಾರೆ. ಕಿತ್ತು ಕಸಕ್ಕೆ ಎಸ್ದೆ.’ ಅಮರಪ್ಪನ ಮುಖ ನೋಡಿ ಅವಳು ತಕ್ಕಡಿ ಕೆಳಗಿಟ್ಟಳು. ‘ಎಲ್ಲಾ ಎಸೀಲಿಲ್ಲ. ಒಂದಷ್ಟು ವೊಲಕ್ಕೆ ಕಟ್ಟಿವ್ನಿ. ಬಾ.’

ಅಂಗಡಿಯ ಹಿಂದೆ, ಎರಡು ಗೋದಾಮುಗಳ ಗೋಡೆಯ ನಡುವೆ, ಅರ್ಧ ಎಕರೆ ರಾಗಿ ಇತ್ತು. ತೆನೆ ಬಲಿತು ಬಾಗಿತ್ತು. ಹೊಲದ ಸುತ್ತ, ಅಡ್ಡಡ್ಡ, ಗೂಟದಿಂದ ಗೂಟಕ್ಕೆ ಕಂದುಬಣ್ಣದ ಟೇಪು ಬಿಗಿದಿತ್ತು. ಗಾಳಿಗೆ ಅದು ಗುಂಯ್ ಎನ್ನುತ್ತಿತ್ತು, ಬಿಸಿಲಿಗೆ ಮಿಂಚುತ್ತಿತ್ತು. ‘ಕಟ್ಟಿದ್ ದಿನದಿಂದ ಒಂದ್ ಗುಬ್ಬಿ ಕೂತಿಲ್ಲ’ ಎಂದಳು ರಾಮಕ್ಕ. ‘ಈಗ ಬಿಚ್ಚಿದ್ರೆ ನಾಳೀಕೆ ತೆನೇಲಿ ಕಾಳಿರಲ್ಲ. ಕುಯ್ಲು ಆಗ್ಲಿ, ತಗೊಂಡೋಗು.’

‘ಕುಯ್ಲು ಯಾವಾಗ?’

‘ಆಳ್ ಸಿಕ್ಕಿದಾಗ. ಇಲ್ಲಿ ಯಾರಣ್ಣ ಕುಡ್ಲು ಇಡೀತಾರೆ? ಎಲ್ರೂ ಗೋಡೌನಿಗೇ ಓಗೋರು.’

ದೊಡ್ಡ ಭಜನೆಯ ದಿನವಾದ ಕಾರ್ತಿಕದ ಕಡೆಯ ಸೋಮವಾರಕ್ಕೆ ಇನ್ನು ಮೂರು ವಾರವೂ ಇರಲಿಲ್ಲ. ಮಳೆ ಆಗಲೇ ಎರಡು ಸಲ ಬಂದು ಹೋಗಿತ್ತು. ಟೇಪಿನ ಮೇಲಿನ ಕಂದು ಪುಡಿ ಉದುರಿದರೆ ಮತ್ತೆ ಏನೂ ಉಳಿಯುವುದಿಲ್ಲ ಎಂಬುದು ಅಮರಪ್ಪನಿಗೆ ಗೊತ್ತಿತ್ತು.

‘ಆಳು ನಾವು ಬರ್ತೀವಿ’ ಎಂದ.

ಭಾನುವಾರ ಬೆಳಗ್ಗೆ ಮೇಳದ ಎಂಟು ಗಂಡಸರು, ಐದು ಹೆಂಗಸರು ರಾಮಕ್ಕನ ಹೊಲಕ್ಕೆ ಇಳಿದರು. ಎಲ್ಲರೂ ಹೊಲದಲ್ಲೇ ಬೆಳೆದವರು, ಆದರೆ ಜೋಳದ ಸೀಮೆಯವರು. ರಾಗಿಯನ್ನು ಒಬ್ಬರೂ ಕೊಯ್ದಿರಲಿಲ್ಲ. ಬದುವಿನ ಮೇಲೆ ನಿಂತ ರಾಮಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

‘ಬುಡಕ್ಕೆ ಕುಯ್ಯಿ ತಾಯಿ, ಬುಡಕ್ಕೆ. ನಿಮ್ ಜ್ವಾಳ ಅಲ್ಲ ಇದು.’

‘ನಮ್ಮ ಜ್ವಾಳ ಆಗಿದ್ರ ಇಷ್ಟೊತ್ತಿಗೆ ಮುಗಿಸಿ ಉಣ್ಣಾಕ ಕುಂದರ್ತಿದ್ವಿ’ ಎಂದಳು ಮಲಕವ್ವ.

‘ಮಾತು ಜೋರಾಗದೆ. ಕೈ ಆಡ್ಸವ್ವ.’

ಮುತ್ತುವಿನ ಕೈಗೆ ಹತ್ತೇ ನಿಮಿಷದಲ್ಲಿ ಬೊಬ್ಬೆ ಬಂತು. ಅವನನ್ನು ಟೇಪು ಬಿಚ್ಚುವ ಕೆಲಸಕ್ಕೆ ಹಾಕಿದರು. ಒಂದು ಸಾಲು ಕೊಯ್ಲಾದಂತೆ ಆ ಸಾಲಿನ ಟೇಪು ಬಿಚ್ಚಿ, ವರ್ಕ್‌ಶಾಪಿನಿಂದ ತಂದ ನೈಲಾನ್ ಸರಳಿಗೆ ಸುತ್ತುವುದು. ಸರಳನ್ನು ಅಮರಪ್ಪ ಲೇತ್ ಮೇಲೆ ಕ್ಯಾಸೆಟ್ಟಿನ ಹಲ್ಲುಗಾಲಿಯ ಅಳತೆಗೆ ತಿರುವಿಕೊಂಡು ಬಂದಿದ್ದ. ಮುತ್ತು ಅವಸರ ಮಾಡಿದಾಗಲೆಲ್ಲ, ‘ಎಳೀಬ್ಯಾಡ, ಹಿಗ್ಗತೈತಿ. ಹಿಗ್ಗಿದ್ರ ಮಾವನ ದನಿ ಕೋಣನ ದನಿ ಆಗತೈತಿ’ ಎಂದು ಗದರಿದ. ಮಧ್ಯಾಹ್ನದ ಹೊತ್ತಿಗೆ ಹೊಲ ಖಾಲಿಯಾಯಿತು, ಹೊರೆ ಕಟ್ಟಿದ್ದಾಯಿತು. ರಾಮಕ್ಕ ಎಲ್ಲರಿಗೂ ಮುದ್ದೆ ಹುರುಳಿಸಾರು ಬಡಿಸಿದಳು. ರೊಟ್ಟಿಯವರು ಮುದ್ದೆ ನುಂಗಲು ಪಟ್ಟ ಪಾಡು ನೋಡಿ ಅವಳು ಸೆರಗು ಅಡ್ಡ ಹಿಡಿದು ನಕ್ಕಳು.

ಹನ್ನೊಂದು ಸುರುಳಿ ಸಿಕ್ಕವು. ಯಾವುದರಲ್ಲಿ ಏನಿದೆ ಎಂದು ಹೇಳುವ ಚೀಟಿ ಇಲ್ಲ. ಅಮರಪ್ಪ ಅಟ್ಟದ ಮೇಲಿದ್ದವುಗಳಲ್ಲಿ ಹಿಂದೆ ಅಂಗಡಿಯಿಂದ ಕೊಂಡಿದ್ದ ಕ್ಯಾಸೆಟ್ಟೊಂದನ್ನು ಬಿಚ್ಚಿ, ಅದರ ಡಬ್ಬಿಯೊಳಗೆ ಒಂದೊಂದೇ ಸುರುಳಿ ಕೂರಿಸಿದ. ಪ್ರತಿ ಸಂಜೆ ಕೆಲಸದಿಂದ ಬಂದು, ಮೆತ್ತನೆಯ ಬಟ್ಟೆಯಿಂದ ಟೇಪು ಒರೆಸಿ, ಹರಿದಲ್ಲಿ ತೆಳ್ಳಗೆ ಅಂಟಿಸಿ, ತನ್ನ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿ ಕೇಳುವುದು. ಮಲಕವ್ವ ಯಂತ್ರ ನಿಲ್ಲಿಸಿ ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ತುಂಡನ್ನು ಮುಖ ಮಗುಚಿ ಅಂಟಿಸಿದ್ದರಿಂದ ಇಡೀ ಮೇಳ ಉಲ್ಟಾ ಹಾಡಿತು. ‘ಇದು ಯಾವ ದೇಶದ ಭಜನಿರೀ?’ ಎಂದು ಅವಳು ಕೇಳಿದಳು. ಇಪ್ಪತ್ತು ವರ್ಷದಲ್ಲಿ ಗಂಡನ ಜೊತೆ ಅವಳು ಆ ಕ್ಯಾಸೆಟ್ಟುಗಳನ್ನು ಕೂತು ಕೇಳಿದ್ದು ಅದೇ ಮೊದಲು. ಐದು ಸುರುಳಿಗಳಲ್ಲಿ ಬರೀ ಸರಸರ ಸದ್ದು ಉಳಿದಿತ್ತು.

ಒಂಬತ್ತನೆಯ ಸುರುಳಿಯಲ್ಲಿ ಎಮ್ಮೆ ಕೂಗಿತು, ಅದರ ಹಿಂದೆಯೇ ಬಂಡಿಯ ಪದ ಶುರುವಾಯಿತು. ಅಮರಪ್ಪ ಕೈಯೆತ್ತಿ ಹೆಂಡತಿಗೆ ಸುಮ್ಮನಿರಲು ಹೇಳಿದ, ಅವಳು ಮಾತಾಡುತ್ತಿರಲಿಲ್ಲ. ಮೂರು ನುಡಿ ಬಂದವು, ಕೊನೆಯ ಹಾರ್ಮೋನಿಯಂ ಎಳೆತದಲ್ಲಿ ಒಮ್ಮೆ ಗರ್ರೆಂದಿತು. ಟೇಪು ಮುಗಿಯಿತು. ತೆಗೆದು, ತಿರುವಿ ಹಾಕಿದ. ಹಾರ್ಮೋನಿಯಂ ಎಳೆತ ಕೇಳಿಸಿತು, ಅದರ ಬೆನ್ನಿಗೆ ಸೋಮಪ್ಪನ ದನಿ:

‘ಊರ ಮುಂದಿನ ಹಳ್ಳ ತುಂಬಿ ಬಂದೈತಿ...’

ಅಲ್ಲಿಗೆ ದನಿ ಮುರಿಯಿತು. ಗರ್ರೆಂದು ಸದ್ದಾಗಿ, ಮತ್ತೆ ಕೂಡಿಕೊಂಡಿತು:

‘ಮಡ್ಡಿ ಮ್ಯಾಲಿನ ಹೊಳೆವ್ವ ಹೇಳತಾಳ ಕೇಳೊ,
ಇಳಕೊಂಡು ನಡಿಯಪ್ಪ, ಹಾದಿ ಸಣ್ಣದು.’

ಮಲಕವ್ವ ಕೈ ಮುಗಿದಳು. ಆಮೇಲೆ ಕೇಳಿದಳು, ‘ನಡುವ ಏನೋ ಹೋತಲ್ರೀ?’

ನಡುವೆ ಒಂದು ಸಾಲು ಹೋಗಿತ್ತು. ರಾಮಕ್ಕ ಟೇಪನ್ನು ಗೂಟಕ್ಕೆ ಸುತ್ತಿ ಗಂಟು ಬಿಗಿದಿದ್ದ ಜಾಗ ಅದು. ಗಂಟು ಬಿದ್ದಲ್ಲಿ ಟೇಪು ದಾರದಂತೆ ಮುದುರಿ, ಪುಡಿ ಉದುರಿ, ಬಿಳಿಚಿಕೊಂಡಿತ್ತು. ಒಂದು ಗೇಣಿನಷ್ಟು. ಒಂದು ಗೇಣು ಟೇಪಿನಲ್ಲಿ ಐದು ಸೆಕೆಂಡಿನ ಹಾಡು ಇರುತ್ತದೆ. ಅಮರಪ್ಪ ಅದನ್ನು ಬೆರಳಿನಿಂದ ನೇವರಿಸಿ ನೇರ ಮಾಡಿ ನಾಲ್ಕು ಸಲ ಹಚ್ಚಿ ನೋಡಿದ. ನಾಲ್ಕು ಸಲವೂ ಗರ್ರೆಂದಿತು.

ಕಡೆಯ ಸೋಮವಾರದ ಹಿಂದಿನ ದಿನ ಮುತ್ತು ಬಂದು ಕೇಳಿದ. ಎರಡು ಸಲ ಕೇಳುವಷ್ಟರಲ್ಲಿ ನುಡಿ ಅವನ ಬಾಯಿಗೆ ಬಂತು. ‘ಇಷ್ಟು ದಿನ ಬಂಡಿ ಕೆಟ್ಟೈತಿ ಅಂತ ಅಳೋ ಪದ ಅಂದ್ಕೊಂಡಿದ್ದೆ ಮಾಮಾ’ ಎಂದ. ‘ಬಂಡಿ ಬಿಟ್ಟು ಇಳಿ ಅನ್ನಾಕತ್ತಾಳ ಆಕಿ.’ ಮತ್ತೊಮ್ಮೆ ನುಡಿ ಗುನುಗಿ ಹೇಳಿದ, ‘ನಡುವಿನ ಸಾಲು ನಾನೊಂದು ಜೋಡಿಸ್ತೀನಿ. ಹಳ್ಳ ಅಂದ ಮ್ಯಾಲ ಎತ್ತು, ಗಾಲಿ ಅಂತ ಏನಾರ ಬಂದಿರ್ತೈತಿ. ಯಾರಿಗೂ ಗೊತ್ತಾಗಂಗಿಲ್ಲ.’

‘ನನಗ ಗೊತ್ತಾಗತೈತಿ’ ಎಂದಳು ಮಲಕವ್ವ.

‘ಅತ್ತಿ, ಹಾಡೂದು ಹೆಂಗ ಮತ್ತ? ನಡುವ ಬಾಯಿ ತಕ್ಕೊಂಡು ಕುಂದರ್ಲೇನು?’

‘ಕುಂದರು. ಆಕಿ ಹೇಳಿದ್ದು ನಾವು ಕಳಕೊಂಡೀವಿ. ಹೇಳಲಾರದ್ದು ಆಕಿ ಬಾಯಾಗ ಇಡಬ್ಯಾಡ.’

ಮುತ್ತು ಅಮರಪ್ಪನ ಕಡೆ ನೋಡಿದ. ಅಮರಪ್ಪ ಟೇಪಿನಿಂದ ತುಂಬಿಸಿದ ಮೆಮೊರಿ ಕಾರ್ಡುಗಳನ್ನು ಒಂದೊಂದಾಗಿ ಸಣ್ಣ ಚೀಟಿಯಲ್ಲಿ ಮಡಿಸಿಡುತ್ತಿದ್ದ. ಮೊಬೈಲ್ ಅಂಗಡಿಯಲ್ಲಿ ಮೂರು ಕಾಪಿ ಮಾಡಿಸಿದ್ದ, ಮೂರನ್ನೂ ಅಲ್ಲೇ ನಿಂತು ಕಡೆಯ ಸಾಲಿನ ತನಕ ಕೇಳಿದ್ದ. ಒಂದು ತನಗೆ, ಒಂದು ಊರಿನ ಮೇಳಕ್ಕೆ. ಮೂರನೆಯದನ್ನು ಮುತ್ತುವಿನ ಕೈಗಿಟ್ಟ. ‘ಅತ್ತಿ ಹೇಳಿದಂಗ ಮಾಡು’ ಎಂದ.

ಸೋಮವಾರ ಅಂಗಡಿಯ ಮೇಲಿನ ಹಾಲ್ ಜನರಿಂದ ತುಂಬಿತ್ತು. ರಾಮಕ್ಕನೂ ಬಂದಿದ್ದಳು, ಭಾಷೆ ಅರ್ಧ ಗೊತ್ತಾಗದು ಎಂದು ಗೊಣಗುತ್ತ ಬಾಗಿಲ ಬಳಿ ಕೂತಳು. ಮುತ್ತು ಬಂಡಿಯ ಪದ ಎತ್ತಿದ. ಮೂರು ನುಡಿ ಮುಗಿದವು. ಹಾರ್ಮೋನಿಯಂ ಎಳೆತವಾಯಿತು. ‘ಊರ ಮುಂದಿನ ಹಳ್ಳ ತುಂಬಿ ಬಂದೈತಿ’ ಎಂದು ಹಾಡಿದವನು ಬಾಯಿ ಮುಚ್ಚಿದ. ತಾಳದವರು ಬಿಡಲಿಲ್ಲ. ಒಂದು ಸಾಲಿನಷ್ಟು ಹೊತ್ತು ಬರೀ ತಾಳ ನಡೆಯಿತು. ಹೊಸದಾಗಿ ಬಂದ ಒಂದಿಬ್ಬರು ಹಾಡುಗಾರ ಸಾಲು ಮರೆತನೆಂದು ತಲೆ ಎತ್ತಿ ನೋಡಿದರು. ಆಮೇಲೆ ಹೊಳೆವ್ವನ ಹೆಸರು ಬಂತು. ತಾಳಗಳು ಮೇಲೆದ್ದು ನಿಂತವು. ಎಲ್ಲರೂ ಕೈ ಮುಗಿದರು.

ಪದ ಮುಗಿದು ಮುತ್ತು ನೀರು ಕುಡಿಯುತ್ತಿದ್ದಾಗ ಮಲಕವ್ವ ಚಾಪೆಯ ಮೇಲಿಂದಲೇ ಕೇಳಿದಳು, ‘ಅಲ್ಲೋ ಮುತ್ತು, ಉಳಿದ ಪದದಾಗ ಯಾರ್‍ಯಾರ ಹೆಸರು ಬಿಟ್ಟು ಹಾಡಾಕತ್ತೀ, ಅದನ್ನೂ ಒಂದು ಸಲ ನೋಡ್ತೀಯೇನು?’

ಮುತ್ತು ಲೋಟ ಕೆಳಗಿಟ್ಟು ಅಮರಪ್ಪನನ್ನು ನೋಡಿದ. ‘ಮಾಮಾ, ಆ ಪಟ್ಟಿ ಬರೆದ ಪುಸ್ತಕ ಮನ್ಯಾಗ ಐತೇನು?’

‘ಐತಿ’ ಎಂದ ಅಮರಪ್ಪ. ‘ಭಾನುವಾರ ಬಾ. ನಾಷ್ಟಾ ಮಾಡ್ಕೊಂಡ ಬಾ.’